ಹಿಪ್ಪೆ ತೆಗೆಯುವ ಯಂತ್ರವೋ, ರುಬ್ಬುವ ಯಂತ್ರವೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು: ತರಕಾರಿಯನ್ನು ಕುಡಿಯುವುದಕ್ಕೆ ಯಾವ ಯಂತ್ರ ಬೇಕು, ಇರುವ ಯಂತ್ರವನ್ನು ಹೇಗೆ ಬಳಸಬೇಕು, ಏನು ಕುಡಿಯಬಾರದು. ಅವನ್ನೇ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ. ಮಕ್ಕಳಿಬ್ಬರೂ ಪಲ್ಯ ಮುಟ್ಟುವುದಿಲ್ಲ. ಯಜಮಾನರಿಗೆ ಡಾಕ್ಟರು ತರಕಾರಿ ಜಾಸ್ತಿ ಮಾಡಿ ಅಂದಿದ್ದಾರೆ. ಅಂಗಡಿಯಲ್ಲಿ 4,000 ರೂಪಾಯಿಯ ಜ್ಯೂಸರ್, 12,000 ರೂಪಾಯಿಯ ಕೋಲ್ಡ್ ಪ್ರೆಸ್, 3,000 ರೂಪಾಯಿಯ ಬ್ಲೆಂಡರ್ ಮೂರನ್ನೂ ತೋರಿಸಿ, ಕೋಲ್ಡ್ ಪ್ರೆಸ್ಸೇ ತಗೊಳ್ಳಿ ಅಂದರು. ಮನೆಯಲ್ಲಿ 750 ವ್ಯಾಟಿನ ಮಿಕ್ಸಿ ಚೆನ್ನಾಗಿಯೇ ಇದೆ. ಯಾವುದು ಕೊಳ್ಳಲಿ?
*ಗೃಹಿಣಿ, ವಿದ್ಯಾನಗರ, ದಾವಣಗೆರೆ*

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಒಂದು ತಿಂಗಳು ಮನೆಯ ಮಿಕ್ಸಿಯಲ್ಲೇ ಮಾಡಿ ನೋಡಿ.

ಅಂಗಡಿಯವರು ತೋರಿಸಿದ ಮೂರರಲ್ಲಿ ಮೊದಲೆರಡು ಒಂದು ಜಾತಿ, ಮೂರನೆಯದು ಬೇರೆ ಜಾತಿ. ಜ್ಯೂಸರ್ ಮತ್ತು ಕೋಲ್ಡ್ ಪ್ರೆಸ್ ಎರಡೂ ತರಕಾರಿಯ ರಸವನ್ನು ಒಂದು ಕಡೆಗೆ, ಹಿಪ್ಪೆಯನ್ನು ಇನ್ನೊಂದು ಕಡೆಗೆ ಹಾಕುತ್ತವೆ. ಬ್ಲೆಂಡರ್ ಏನನ್ನೂ ಬೇರ್ಪಡಿಸುವುದಿಲ್ಲ. ಹಾಕಿದ್ದೆಲ್ಲವನ್ನೂ ರುಬ್ಬಿ ಲೋಟಕ್ಕೆ ಕೊಡುತ್ತದೆ. ನಿಮ್ಮ ಮಿಕ್ಸಿಯೂ ಅದನ್ನೇ ಮಾಡುತ್ತದೆ, ಅದೂ ಬಹಳಷ್ಟು ಸಣ್ಣ ಬ್ಲೆಂಡರ್‌ಗಳಿಗಿಂತ ಹೆಚ್ಚು ಬಲದಿಂದ. ಒಂದು ಲೋಟದ ಬ್ಲೆಂಡರ್‌ಗಳ ಮೋಟರು ಸಾಮಾನ್ಯವಾಗಿ 300ರಿಂದ 500 ವ್ಯಾಟಿನದು.

ಡಾಕ್ಟರು ಹೇಳಿದ್ದು ತರಕಾರಿ ಜಾಸ್ತಿ ಮಾಡಿ ಎಂದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ, 2,000 ಕ್ಯಾಲರಿ ಊಟ ಮಾಡುವ ವಯಸ್ಕರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹೇಳುತ್ತದೆ. ಅದರಲ್ಲಿ ನಾರೂ ಲೆಕ್ಕಕ್ಕೆ ಸೇರಿದೆ. ಹೊಟ್ಟೆ ತುಂಬಿಸುವುದು, ಮಲಬದ್ಧತೆ ತಡೆಯುವುದು, ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುವುದು ಆ ನಾರು. ಜ್ಯೂಸರ್ ಹಿಪ್ಪೆಯ ಡಬ್ಬಕ್ಕೆ ತಳ್ಳುವುದು ಅದನ್ನೇ. ಮಧ್ಯಮ ಗಾತ್ರದ ನಾಲ್ಕು ಕ್ಯಾರೆಟ್ ಹಾಕಿದರೆ ಸಿಗುವುದು ಒಂದು ಸಣ್ಣ ಲೋಟ ರಸ. ಅದನ್ನು ಎರಡು ಗುಟುಕಿಗೆ ಮುಗಿಸಿ, ಊಟಕ್ಕೆ ಎಂದಿನಷ್ಟೇ ಅನ್ನ ಸಾರು ಉಂಡರೆ, ತರಕಾರಿಯ ಸಿಹಿ ಒಳಗೆ ಹೋಯಿತು, ನಾರು ಹೊರಗೆ ಉಳಿಯಿತು.

ಹಾಗಂತ ಜ್ಯೂಸರ್ ಯಾರಿಗೂ ಬೇಡ ಎಂದಲ್ಲ. ಅಗಿಯಲಾಗದ ವಯಸ್ಸಾದವರು, ಕಾಯಿಲೆಯಿಂದ ಎದ್ದು ಗಟ್ಟಿ ಪದಾರ್ಥ ಸೇರದವರು, ದಿನಾ ಪಲ್ಯ ಕೋಸಂಬರಿ ತಿಂದೂ ಮೇಲೊಂದು ಲೋಟ ರಸ ಬಯಸುವವರು ಕೊಳ್ಳಬಹುದು. ಕೊಳ್ಳುವುದಾದರೆ ಎರಡರ ಕೆಲಸ ಹೇಗೆ ಎಂದು ತಿಳಿದಿರಲಿ. ಮಾಮೂಲಿ ಜ್ಯೂಸರಿನಲ್ಲಿ ಹಲ್ಲುಹಲ್ಲಿನ ತಟ್ಟೆಯೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ತರಕಾರಿಯನ್ನು ತುರಿಯುತ್ತದೆ, ಆ ತಿರುಗುವ ರಭಸಕ್ಕೇ ರಸ ಜಾಲರಿಯಿಂದ ಆಚೆ ಚಿಮ್ಮುತ್ತದೆ. ಕ್ಯಾರೆಟ್, ಬೀಟ್‌ರೂಟ್, ಸೇಬಿನಂಥ ಗಟ್ಟಿ ಪದಾರ್ಥಕ್ಕೆ ಇದು ಸಾಕು. ಸೊಪ್ಪಿಗೆ ಆಗದು. ಹಗುರಾದ ಎಲೆ ತುರಿಗೆ ಸಿಗದೆ ಹಾಗೇ ಹಿಪ್ಪೆ ಡಬ್ಬಕ್ಕೆ ಹಾರುತ್ತದೆ. ಕೋಲ್ಡ್ ಪ್ರೆಸ್‌ನಲ್ಲಿ ದಪ್ಪ ತಿರುಪಿನಂಥ ಭಾಗವೊಂದು ನಿಮಿಷಕ್ಕೆ 40ರಿಂದ 80 ಸುತ್ತಷ್ಟೇ ತಿರುಗಿ, ಗಾಣದ ಹಾಗೆ ಅರೆದು ಹಿಂಡುತ್ತದೆ. ಸೊಪ್ಪಿನ ರಸಕ್ಕೆ ಇದೇ ಸರಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಕಾಲು ಕೆಜಿ ಕ್ಯಾರೆಟ್ ನೀವೇ ಒಯ್ದು ಹಾಕಿಸಿ. ಬಂದ ಹಿಪ್ಪೆಯನ್ನು ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯಿರಿ. ಬೆರಳ ಸಂದಿಯಿಂದ ಹನಿ ಇಳಿದು ಮಣಿಕಟ್ಟಿಗೆ ಬಂದರೆ ಯಂತ್ರ ರಸ ಬಿಡುತ್ತಿದೆ ಎಂದರ್ಥ. ಉದುರುದುರಾಗಿ ಅಂಗೈ ಬರೀ ತೇವವಾದರೆ ಚೆನ್ನಾಗಿ ಹಿಂಡಿದೆ. ಆಮೇಲೆ ಜಾಲರಿಯನ್ನು ನೀವೇ ಬಿಚ್ಚಿ, ನೀವೇ ಕೂರಿಸಿ. ಮಾಮೂಲಿ ಜ್ಯೂಸರಿಗೆ ತೊಳೆಯುವ ಭಾಗ ನಾಲ್ಕೈದು, ಕೋಲ್ಡ್ ಪ್ರೆಸ್‌ಗೆ ಆರೇಳು, ಮಿಕ್ಸಿಗೆ ಒಂದು ಜಾರು, ಒಂದು ಮುಚ್ಚಳ. ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟುವ ಹೊತ್ತಿನಲ್ಲಿ ಈ ತೊಳೆಯುವ ಕೆಲಸಕ್ಕೆ ಬೇಸತ್ತೇ ಎಷ್ಟೋ ಜ್ಯೂಸರ್‌ಗಳು ಮೂರನೇ ತಿಂಗಳಿಗೆ ಅಟ್ಟ ಸೇರುತ್ತವೆ.

ಕೋಲ್ಡ್ ಪ್ರೆಸ್‌ನಲ್ಲಿ ಪೋಷಕಾಂಶ ನೂರಕ್ಕೆ ನೂರು ಉಳಿಯುತ್ತದೆ, ಮಾಮೂಲಿಯದರಲ್ಲಿ ಸುಟ್ಟುಹೋಗುತ್ತದೆ ಎನ್ನುವ ಮಾತನ್ನು ನಂಬಿ ದುಡ್ಡು ಕೊಡಬೇಡಿ. ಆ ಕೆಲವು ಕ್ಷಣಗಳಲ್ಲಿ ರಸ ಸುಡುವಷ್ಟು ಬಿಸಿಯಾಗುವುದಿಲ್ಲ. ಗಾಳಿ ಬೆರೆತು ನೊರೆ ಹೆಚ್ಚುತ್ತದೆ, ಇಟ್ಟರೆ ಬೇಗ ಬಣ್ಣ ಕೆಡುತ್ತದೆ, ಅದು ನಿಜ. ಮಾಡಿದ ತಕ್ಷಣ ಕುಡಿಯುವ ಮನೆಗೆ ಈ ವ್ಯತ್ಯಾಸ ದೊಡ್ಡದಲ್ಲ.

ಮಕ್ಕಳ ವಿಷಯಕ್ಕೆ: ಹಸಿರು ಲೋಟ ನೋಡಿದರೇ ಮುಖ ತಿರುಗಿಸುವ ಮಗುವಿಗೆ ಅದೇ ರುಬ್ಬಿದ ಪಾಲಕ್ಕನ್ನು ದೋಸೆ ಹಿಟ್ಟಿಗೆ ಸೇರಿಸಿ. ಎರಡು ಸೌಟು ಹಿಟ್ಟಿಗೆ ಎರಡು ಚಮಚ. ಹಿಟ್ಟು ತೆಳ್ಳಗಾಗದಂತೆ ನೀರಿಲ್ಲದೆ ರುಬ್ಬಿರಬೇಕು. ಪಲ್ಯ ಒಲ್ಲದ ಮಗು ಸಿಕ್ಕೀತು, ಬೆಣ್ಣೆ ಹಾಕಿದ ದೋಸೆ ಒಲ್ಲದ ಮಗು ದಾವಣಗೆರೆಯಲ್ಲಿ ಸಿಗುವುದು ಕಷ್ಟ.

ಪ್ರಶ್ನೆ: ಮಿಕ್ಸಿಯಲ್ಲಿ ಪಾಲಕ್, ಸೌತೆಕಾಯಿ ರುಬ್ಬಿ ಕುಡಿಯಲು ಶುರು ಮಾಡಿದೆವು. ಎಲೆಯ ಚೂರು ಹಲ್ಲಿಗೆ ಸಿಗುತ್ತದೆ, ನೊರೆ ತುಂಬುತ್ತದೆ, ಕುಡಿಯುವಾಗ ಬೆಚ್ಚಗಿರುತ್ತದೆ. ಜಾಸ್ತಿ ಹೊತ್ತು ತಿರುಗಿಸಿದರೂ ಅಷ್ಟೇ. ತಪ್ಪು ಎಲ್ಲಿ?
*ಶಿಕ್ಷಕಿ, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ*

ಉತ್ತರ: ಜಾಸ್ತಿ ಹೊತ್ತು ತಿರುಗಿಸುವುದೇ ತಪ್ಪು. ಎಲ್ಲವನ್ನೂ ಒಮ್ಮೆಗೇ ಹಾಕುವುದು ಇನ್ನೊಂದು.

ಎಲೆಯನ್ನು ಮೊದಲು, ಒಂಟಿಯಾಗಿ, ಸ್ವಲ್ಪ ನೀರಿನಲ್ಲಿ ರುಬ್ಬಬೇಕು. ಎರಡು ಲೋಟಕ್ಕೆ ಅಳತೆ ಹೀಗಿರಲಿ: ಒಂದು ಹಿಡಿ ಪಾಲಕ್, ಅಂದರೆ ಸುಮಾರು 30 ಗ್ರಾಂ, ಒಂದು ಸಣ್ಣ ಎಳೆ ಸೌತೆಕಾಯಿ, ಅರ್ಧ ಸೇಬು ಅಥವಾ ಒಂದು ಸೀಬೆ, ನಾಲ್ಕು ಪುದೀನ ಎಲೆ, ಕಾಲು ಇಂಚು ಶುಂಠಿ, ಅರ್ಧ ನಿಂಬೆ, ಫ್ರಿಜ್ಜಿನ ಅಥವಾ ಮಡಕೆಯ ತಣ್ಣೀರು 250 ಮಿಲಿ. ಸೇಬಿನ ಬೀಜ ತೆಗೆಯಿರಿ. ಸೀಬೆಯಾದರೆ ಬೀಜದ ಭಾಗ ಬಿಟ್ಟು ಹಾಕಿ, ಇಲ್ಲದಿದ್ದರೆ ಮರಳು ಮರಳಾಗುತ್ತದೆ.

ಪಾಲಕ್, ಪುದೀನ, ಶುಂಠಿಯನ್ನು ಚಟ್ನಿ ಜಾರಿಗೆ ಹಾಕಿ, 60 ಮಿಲಿ ನೀರು ಸೇರಿಸಿ. ದೊಡ್ಡ ಜಾರಿನಲ್ಲಿ ಇಷ್ಟು ಕಡಿಮೆ ಸೊಪ್ಪು ಹಾಕಿದರೆ ಬ್ಲೇಡಿನ ರಭಸಕ್ಕೆ ಎಲೆ ಗೋಡೆಗೆ ಅಂಟಿ ಕೂರುತ್ತದೆ, ಬ್ಲೇಡು ಬರೀ ಗಾಳಿಯಲ್ಲಿ ತಿರುಗುತ್ತದೆ. ನಿಮ್ಮ ಎಲೆಚೂರು ಉಳಿಯುವುದೂ ನೊರೆ ಬರುವುದೂ ಇದರಿಂದಲೇ. ಮೊದಲು ಮಿಕ್ಸಿಯ ಗುಂಡಿಯನ್ನು ವಿಪ್ ಕಡೆಗೆ, ಅಂದರೆ ಹಿಡಿದಷ್ಟು ಹೊತ್ತು ಮಾತ್ರ ಓಡುವ ಕಡೆಗೆ, ಮೂರು ಸಲ ತಟ್ಟಿ ಬಿಡಿ. ಮುಚ್ಚಳ ತೆಗೆದು ಗೋಡೆಗೆ ಅಂಟಿದ್ದನ್ನು ಚಮಚದಿಂದ ಕೆಳಗೆ ತಳ್ಳಿ. ಆಮೇಲೆ ಎರಡನೇ ಸ್ಪೀಡಿನಲ್ಲಿ 30 ಸೆಕೆಂಡು. ಈಗ ಸದ್ದು ಕೇಳಿ: ಎಲೆ ಸಿಗುತ್ತಿರುವಾಗ ಸದ್ದು ದಪ್ಪಗಿರುತ್ತದೆ, ಏಕಾಏಕಿ ಕೀಚಲಾಗಿ ಏರಿದರೆ ಬ್ಲೇಡಿನ ಸುತ್ತ ಗಾಳಿಯ ಗೂಡು ಕಟ್ಟಿದೆ. ನಿಲ್ಲಿಸಿ, ಎರಡು ಚಮಚ ನೀರು ಹಾಕಿ, ಮತ್ತೆ ತಿರುಗಿಸಿ. ಎಲೆ ನುಣ್ಣಗಾದ ಮೇಲೆ ದೊಡ್ಡ ಜಾರಿಗೆ ಬಗ್ಗಿಸಿ, ಸೌತೆಕಾಯಿ, ಹಣ್ಣು, ಉಳಿದ ತಣ್ಣೀರು ಹಾಕಿ ಇನ್ನು 30 ಸೆಕೆಂಡು. ಜಾರು ಮುಕ್ಕಾಲಿಗಿಂತ ಮೇಲೆ ತುಂಬಬಾರದು. ನಿಂಬೆರಸ ಕೊನೆಗೆ, ಕೈಯಲ್ಲೇ ಕಲಸಿ.

ಬೆಚ್ಚಗಾಗುವುದು ಬ್ಲೇಡಿನ ತಿಕ್ಕಾಟದಿಂದ. ಒಟ್ಟು ಒಂದು ನಿಮಿಷ ದಾಟದಿದ್ದರೆ, ನೀರು ತಣ್ಣಗಿದ್ದರೆ ಆಗುವುದಿಲ್ಲ. ಅದಕ್ಕೆಂದು ಮಂಜುಗಡ್ಡೆಯ ತುಂಡು ಹಾಕಬೇಡಿ, ಮಾಮೂಲಿ ಜಾರಿನ ಬ್ಲೇಡು ಮೊಂಡಾಗುತ್ತದೆ, ಪಾರದರ್ಶಕ ಮುಚ್ಚಳ ಸೀಳುತ್ತದೆ. ಪಾಲಕ್ಕಿನ ಹಸಿ ವಾಸನೆ ಸೇರದಿದ್ದರೆ ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಆ ನೀರು ಚೆಲ್ಲಿ, ಎಲೆ ಆರಿದ ಮೇಲೆ ರುಬ್ಬಿ. ಬಿಸಿ ಪದಾರ್ಥವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಿದರೆ ಆವಿ ಉಬ್ಬಿ ಮುಚ್ಚಳ ಹಾರುತ್ತದೆ. ಒಂದು ಲೋಟದ ಬ್ಲೆಂಡರುಗಳಲ್ಲಿ ಆವಿಗೆ ದಾರಿಯೇ ಇಲ್ಲ, ಅವಕ್ಕಂತೂ ಉಗುರುಬೆಚ್ಚಗಿನದೂ ಬೇಡ.

ಕ್ಯಾರೆಟ್, ನಮ್ಮ ಕಡೆ ಹಲವರು ಗಜ್ಜರಿ ಅನ್ನುತ್ತಾರಲ್ಲ, ಅದನ್ನು ರುಬ್ಬುವುದಾದರೆ ಹಸಿಯದಕ್ಕಿಂತ ಐದು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿದ್ದು ನುಣ್ಣಗಾಗುತ್ತದೆ. ಅದರ ಬೀಟಾ ಕ್ಯಾರೋಟಿನ್ ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕು. ನಾಲ್ಕು ನೆನೆಸಿದ ಶೇಂಗಾ ಕಾಳು ಜೊತೆಗೆ ರುಬ್ಬಿದರೂ ಆಯಿತು, ಗಟ್ಟಿ ಮೊಸರು ಬೆರೆಸಿದರೂ ಆಯಿತು.

ಪ್ರಶ್ನೆ: ಮಿಕ್ಸಿ ಜೊತೆ ಬಂದ ಜ್ಯೂಸ್ ಜಾರಿನ ಒಳಗೆ ಜಾಲರಿಯ ಕೊಳವೆ ಇದೆ. ಅದರಲ್ಲಿ ಕ್ಯಾರೆಟ್ ರಸ ಬರುತ್ತಿಲ್ಲ.
*ಹರಿಹರ*

ಉತ್ತರ: ಬರುವುದಿಲ್ಲ. ಅದು ದ್ರಾಕ್ಷಿ, ಟೊಮೆಟೊ, ಕಲ್ಲಂಗಡಿಯಂಥ ನೀರು ತುಂಬಿದ ಹಣ್ಣಿಗೆ ಮಾಡಿದ್ದು. ಗಟ್ಟಿ ತರಕಾರಿಯ ತುರಿ ಕೊಳವೆಯ ಒಳಗೋಡೆಗೆ ಮೆತ್ತಿ ತೂತು ಮುಚ್ಚುತ್ತದೆ. ಕೊಳವೆ ತೆಗೆದು ಕ್ಯಾರೆಟ್ಟನ್ನು ಅಷ್ಟೇ ನೀರಿನೊಂದಿಗೆ ರುಬ್ಬಿ, ತೆಳು ಹತ್ತಿ ಬಟ್ಟೆಯಲ್ಲಿ ಹಿಂಡಿಕೊಳ್ಳಿ.

ಪ್ರಶ್ನೆ: ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಮಾತ್ರೆ ನಡೆಯುತ್ತಿದೆ. ಯಾರೋ ಹೇಳಿದರೆಂದು ಬೆಳಗ್ಗೆ ಬರಿಹೊಟ್ಟೆಗೆ ಸೋರೆಕಾಯಿ ರಸ, ಒಮ್ಮೊಮ್ಮೆ ಹಾಗಲಕಾಯಿ ಸೇರಿಸಿ ಕುಡಿಯುತ್ತಾರೆ. ನಮ್ಮವರಿಗೆ ಹೋದ ವರ್ಷ ಕಿಡ್ನಿ ಕಲ್ಲು ಆಗಿತ್ತು, ಅವರು ಪಾಲಕ್ ಬೀಟ್‌ರೂಟ್ ರಸ ಬೇಕು ಅನ್ನುತ್ತಾರೆ. ಕೊಡಬಹುದೇ?
*ಸೊಸೆ, ಹೊನ್ನಾಳಿ*

ಉತ್ತರ: ಈ ಪತ್ರಕ್ಕೆ ಯಂತ್ರಕ್ಕಿಂತ ಮೊದಲು ಹೇಳಬೇಕಾದ್ದಿದೆ, ದಯವಿಟ್ಟು ಅತ್ತೆಯವರಿಗೂ ಓದಿ ಹೇಳಿ.

ಸೋರೆಕಾಯಿ, ಸೌತೆಕಾಯಿ, ಹೀರೇಕಾಯಿ ಒಂದೇ ಕುಲದವು. ಈ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹುಟ್ಟುತ್ತದೆ. ಮಾಮೂಲಿ ಕಾಯಿಯಲ್ಲಿ ಇದು ಗೊತ್ತೇ ಆಗದಷ್ಟು ಕಡಿಮೆ, ಕೆಲವು ಕಾಯಿಯಲ್ಲಿ ಅಪಾಯವಾಗುವಷ್ಟು ಹೆಚ್ಚು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿ ರಸ ಕುಡಿದು ವಿಜ್ಞಾನಿಯೊಬ್ಬರು ತೀರಿಕೊಂಡರು. ಆ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನೇ ಕೂರಿಸಿತು. ಕಹಿ ರಸವನ್ನು ಕುಡಿಯಲೇ ಬಾರದು ಎಂಬುದು ಅದರ ಸ್ಪಷ್ಟ ಮಾತು.

ಹಾಗಾಗಿ ಸೋರೆಕಾಯಿ ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ಚೂರು, ತುದಿಯಿಂದ ಒಂದು ಚೂರು ಕೊಯ್ದು ನಾಲಿಗೆಗೆ ತಾಗಿಸಿ, ಉಗುಳಿ. ಲವಲೇಶ ಕಹಿ ಇದ್ದರೂ ಇಡೀ ಕಾಯಿ ತಿಪ್ಪೆಗೆ. ಉಪ್ಪು, ಜೇನು, ನಿಂಬೆ ಹಾಕಿ ಕಹಿ ಮುಚ್ಚಬೇಡಿ. ಸೋರೆಕಾಯಿಗೆ ಹಾಗಲಕಾಯಿ ಸೇರಿಸುವುದು ನಮ್ಮನ್ನು ಹೆಚ್ಚು ಕಳವಳಕ್ಕೆ ದೂಡುವ ಸಂಗತಿ: ಹಾಗಲದ ಕಹಿಯಲ್ಲಿ ಕೆಟ್ಟ ಸೋರೆಯ ಕಹಿ ಅಡಗಿಬಿಡುತ್ತದೆ, ಎಚ್ಚರಿಸಬೇಕಾದ ನಾಲಿಗೆ ಸುಮ್ಮನಾಗುತ್ತದೆ. ಇದನ್ನು ಇವತ್ತೇ ನಿಲ್ಲಿಸಿ. ಕುಡಿದ ಮೇಲೆ ಹೊಟ್ಟೆನೋವು, ವಾಂತಿ, ಭೇದಿ, ವಾಂತಿಯಲ್ಲಿ ರಕ್ತ, ತಲೆಸುತ್ತು ಏನೇ ಕಂಡರೂ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಸೋರೆಕಾಯಿ ರಸ ಕುಡಿದಿದ್ದನ್ನು ಮೊದಲು ಹೇಳಿ. ಸೋರೆಕಾಯಿ ಇಷ್ಟವಾದರೆ ಸಾಂಬಾರು, ಪಲ್ಯ ಮಾಡಿ. ಕಹಿ ಕಾಯಿಯನ್ನು ಬೇಯಿಸಿದರೂ ವಿಷ ಹೋಗದು, ಆದ್ದರಿಂದ ರುಚಿ ನೋಡುವುದು ಪಲ್ಯಕ್ಕೂ ತಪ್ಪಬಾರದು.

ಹಾಗಲಕಾಯಿ ಒಂದನ್ನೇ ಕುಡಿದರೂ ಅದು ಸಕ್ಕರೆ ಇಳಿಸಬಲ್ಲದು. ಮಾತ್ರೆಯೂ ಇಳಿಸುತ್ತದೆ. ಎರಡೂ ಸೇರಿ ಬೆವರು, ನಡುಕ, ಕಣ್ಣು ಕತ್ತಲೆ ಬರುವಷ್ಟು ಕುಸಿಯಬಹುದು, ಅದರಲ್ಲೂ ಬರಿಹೊಟ್ಟೆಯಲ್ಲಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸದೆ ಬೇಡ.

ನಿಮ್ಮವರ ಕಲ್ಲಿನ ವಿಷಯ. ಕಿಡ್ನಿ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು, ಮತ್ತು ಆಕ್ಸಲೇಟ್ ಹೆಚ್ಚಿರುವ ತರಕಾರಿ ಎಂದರೆ ಮೊದಲು ಬರುವ ಹೆಸರುಗಳೇ ಪಾಲಕ್, ಬೀಟ್‌ರೂಟ್, ದಂಟಿನ ಸೊಪ್ಪು. ಪಲ್ಯದಲ್ಲಿ ಒಂದು ಕಟ್ಟು ಪಾಲಕ್ ನಾಲ್ಕು ಜನರಿಗೆ ಹಂಚಿಹೋಗುತ್ತದೆ, ಜ್ಯೂಸರಿನಲ್ಲಿ ಅದೇ ಕಟ್ಟು ಒಬ್ಬರ ಲೋಟಕ್ಕೆ ಇಳಿಯುತ್ತದೆ. ದಿನಾ ಹಾಗೆ ಕುಡಿದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಅವರಿಗೆ ಈ ರಸ ಬೇಡ. ಸೌತೆಕಾಯಿ, ಸ್ವಲ್ಪ ಕೊತ್ತಂಬರಿ ರುಬ್ಬಿದ ಮಜ್ಜಿಗೆ ಕೊಡಬಹುದು. ನೀರು ಚೆನ್ನಾಗಿ ಕುಡಿಯಲಿ.

ಇದೇ ಸಾಲಿಗೆ ಸೇರಿದ ಇನ್ನೆರಡು ಮಾತು, ಬೇರೆ ಓದುಗರಿಗೂ: ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರು ಸೊಪ್ಪಿನ ರಸವನ್ನು ಏಕಾಏಕಿ ಶುರು ಮಾಡಬಾರದು, ಸೊಪ್ಪಿನ ವಿಟಮಿನ್ ಕೆ ಆ ಔಷಧಿಗೆ ಎದುರು ಕೆಲಸ ಮಾಡುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ತರಕಾರಿ ರಸದ ಪೊಟ್ಯಾಸಿಯಂ ಅಪಾಯ. ಇನ್ನು ಬೀಟ್‌ರೂಟ್ ಕುಡಿದ ಮರುದಿನ ಮೂತ್ರ ಕೆಂಪಗಾದರೆ ಹೆದರಬೇಕಿಲ್ಲ, ಅದು ಬೀಟ್‌ರೂಟಿನ ಬಣ್ಣ. ಕುಡಿಯುವುದು ಬಿಟ್ಟು ಎರಡು ದಿನವಾದರೂ ಹೋಗದಿದ್ದರೆ ತೋರಿಸಿ.

ಪ್ರಶ್ನೆ: ಕೋಲ್ಡ್ ಪ್ರೆಸ್ ತಂದು ಆರು ತಿಂಗಳಾಯಿತು. ಈಗ ನಡುವೆ ನಡುವೆ ಕಚ್ಚಿ ನಿಲ್ಲುತ್ತದೆ, ಕಿರಗುಟ್ಟುತ್ತದೆ. ಜಾಲರಿ ಮೇಲೆ ಬೆಳ್ಳಗೆ ಪದರ ಕಟ್ಟಿದೆ, ಉಜ್ಜಿದರೂ ಹೋಗುತ್ತಿಲ್ಲ. ನಮ್ಮದು ಬೋರ್‌ವೆಲ್ ನೀರು.
*ಚಳ್ಳಕೆರೆ*

ಉತ್ತರ: ಬೆಳ್ಳಗಿನ ಪದರ ನಿಮ್ಮ ಗಡುಸು ನೀರಿನ ಸುಣ್ಣ. ಅದು ಜಾಲರಿಯ ತೂತನ್ನು ಸಣ್ಣ ಮಾಡುತ್ತದೆ, ರಸ ಹೊರಬರಲು ದಾರಿ ಸಾಲದೆ ಒಳಗೇ ಒತ್ತಡ ಏರುತ್ತದೆ, ಯಂತ್ರ ಕಚ್ಚುತ್ತದೆ. ಅಂದರೆ ನಿಮ್ಮ ಎರಡು ದೂರುಗಳಿಗೂ ಕಾರಣ ಒಂದೇ ಇರಬಹುದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಕರಗಿಸಿ ಜಾಲರಿಯನ್ನು ಅರ್ಧ ಗಂಟೆ ಮುಳುಗಿಸಿ. ಸಣ್ಣ ಗುಳ್ಳೆ ಏಳುತ್ತವೆ, ಪದರ ಸಡಿಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನಿಂದ ಹೊರಕ್ಕೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಪ್ರತಿ ತೂತಿನಿಂದಲೂ ಬೆಳಕು ಬರಬೇಕು. ಸೂಜಿ, ತಂತಿ ಹಾಕಬೇಡಿ, ತೂತು ಅಗಲವಾದರೆ ಆಮೇಲೆ ರಸದಲ್ಲಿ ಹಿಪ್ಪೆ ಬರುತ್ತದೆ. ತಿಂಗಳಿಗೆ ಎರಡು ಸಲ ಹೀಗೆ ಮಾಡಿ. ದಿನದ ತೊಳೆತಕ್ಕೆ ಕೊನೆಯ ಒಂದು ಚೊಂಬು ಕುಡಿಯುವ ಫಿಲ್ಟರ್ ನೀರು ಹಾಕಿದರೆ ಪದರವೇ ನಿಧಾನವಾಗುತ್ತದೆ. ಕ್ಯಾರೆಟ್ಟಿನ ಕೇಸರಿ ಕಲೆ ಬೇರೆ, ಅದು ನೀರಿಗೆ ಹೋಗದು, ಎರಡು ಹನಿ ಅಡುಗೆ ಎಣ್ಣೆ ಸವರಿ ಒರೆಸಿ ಸೋಪಿನಲ್ಲಿ ತೊಳೆಯಿರಿ.

ಇಷ್ಟಾದರೂ ಕಚ್ಚಿದರೆ ಹಾಕುವ ರೀತಿ ನೋಡಿ. ಉದ್ದ ನಾರಿನ ಸೊಪ್ಪಿನ ದಂಟು ತಿರುಪಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ಒಂದು ಇಂಚಿಗೆ ಹೆಚ್ಚಿ. ಕ್ಯಾರೆಟ್ಟನ್ನು ಉದ್ದಕ್ಕೆ ನಾಲ್ಕು ಸೀಳಿ. ಸೊಪ್ಪು ಒಂದು ಹಿಡಿ, ಗಟ್ಟಿ ತುಂಡು ಎರಡು, ಮತ್ತೆ ಸೊಪ್ಪು, ಹೀಗೆ ಅದಲುಬದಲು ಹಾಕಿದರೆ ಗಟ್ಟಿಯದೇ ಸೊಪ್ಪನ್ನು ತಳ್ಳಿಕೊಂಡು ಹೋಗುತ್ತದೆ. ತಳ್ಳುಗೋಲಿನಿಂದ ಒತ್ತಬೇಡಿ. ಕಚ್ಚಿದಾಗ ಐದು ಸೆಕೆಂಡು ರಿವರ್ಸ್, ಪೂರ್ತಿ ನಿಲ್ಲಲು ಬಿಟ್ಟು, ಮತ್ತೆ ಮುಂದಕ್ಕೆ. ಒಳಗೆ ಏನೂ ಇಲ್ಲದೆ ಓಡಿಸಿದರೆ ತಿರುಪು ಒಣಗಿ ಜಾಲರಿಗೆ ಉಜ್ಜಿ ಕಿರಗುಟ್ಟುತ್ತದೆ. ತುಂಬಿದಾಗಲೂ ಕಿರ್ ಅಂದರೆ ತಿರುಪು ಅಥವಾ ಜಾಲರಿ ಸರಿಯಾಗಿ ಕೂತಿಲ್ಲ. ಹಿಪ್ಪೆ ಬರುವ ಬಾಯಿಯ ಕೆಳಗೆ ಒಂದು ರಬ್ಬರ್ ಬಿರಡೆ ಇರುತ್ತದೆ. ಅದನ್ನು ಎಳೆದು ನೋಡಿದ್ದೀರಾ? ಅದರ ಹಿಂದೆ ಹಳೆಯ ಹಿಪ್ಪೆ ಗಟ್ಟಿಯಾಗಿ ಕೂತು ಬೂಸರು ಹಿಡಿದಿರುವುದು ಸಾಮಾನ್ಯ.

ಪ್ರಶ್ನೆ: ಹಳ್ಳಿಯಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಮಿಕ್ಸಿ ಮುಲುಗುತ್ತದೆ, ಒಮ್ಮೊಮ್ಮೆ ಪೂರ್ತಿ ಆಫ್ ಆಗುತ್ತದೆ. ಇನ್ವರ್ಟರಿಗೆ ಹಾಕಬಹುದೇ?
*ಜಗಳೂರು ತಾಲ್ಲೂಕು*

ಉತ್ತರ: 230 ವೋಲ್ಟ್ ಇರಬೇಕಾದಲ್ಲಿ 180 ಇದ್ದರೆ 750 ವ್ಯಾಟಿನ ಮಿಕ್ಸಿ ಹೆಚ್ಚುಕಮ್ಮಿ 450 ವ್ಯಾಟಿನದರಂತೆ ದುಡಿಯುತ್ತದೆ. ಗಟ್ಟಿ ತರಕಾರಿಗೆ ಬ್ಲೇಡು ಸಿಕ್ಕಿಕೊಂಡರೆ ಮೋಟರು ತಿರುಗದೆ ಬಿಸಿಯಾಗುತ್ತದೆ. ಆಫ್ ಆಗುವುದು ಓವರ್‌ಲೋಡ್ ರಕ್ಷಣೆ, ಅದು ಕೆಟ್ಟಿದ್ದಲ್ಲ. ಪ್ಲಗ್ ತೆಗೆದು ಹತ್ತು ನಿಮಿಷ ಆರಲು ಬಿಟ್ಟು, ತಳದ ಕೆಂಪು ಗುಂಡಿ ಒತ್ತಿ. ಅರ್ಧ ಜಾರು ಮಾತ್ರ ತುಂಬಿ, ತರಕಾರಿ ಸಣ್ಣಗೆ ಹೆಚ್ಚಿ, ನೀರು ಧಾರಾಳ ಹಾಕಿ.

ಮನೆಗಳಲ್ಲಿರುವ 900 ವಿಎ ಇನ್ವರ್ಟರ್ 700 ವ್ಯಾಟಿನ ಆಚೀಚೆ ಎಳೆಯಬಲ್ಲದು, ಮಿಕ್ಸಿ ಶುರುವಾಗುವಾಗ ಅದಕ್ಕಿಂತ ಹೆಚ್ಚು ಕೇಳುತ್ತದೆ. ಇನ್ವರ್ಟರ್ ಟ್ರಿಪ್ ಆಗುತ್ತದೆ. ಕೋಲ್ಡ್ ಪ್ರೆಸ್ 150ರಿಂದ 250 ವ್ಯಾಟಿನದು, ಅದು ನಡೆಯುತ್ತದೆ. ನಿಮ್ಮಂಥ ಕಡೆ ಅದನ್ನು ಕೊಳ್ಳಲು ಇದೊಂದು ನಿಜವಾದ ಕಾರಣ. ಇನ್ವರ್ಟರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂಥದೇ ಕರೆಂಟು ಕೊಡುವಂಥದು, ಆಗಿರಲಿ.

ಪ್ರಶ್ನೆ: ತೋಟದ ದಾಳಿಂಬೆ ರಸ ಮಿಕ್ಸಿಯಲ್ಲಿ ಮಾಡಿದರೆ ಒಗರು ಬರುತ್ತದೆ.
*ಹಿರಿಯೂರು*

ಉತ್ತರ: ಬೀಜ ಪುಡಿಯಾಗಿದೆ. ಒಳಗಿನ ಬಿಳಿ ಸಿಪ್ಪೆ ಪೂರ್ತಿ ಬಿಡಿಸಿ, ವಿಪ್ ಕಡೆಗೆ ಒಂದೊಂದೇ ಸೆಕೆಂಡು ಮೂರು ಸಲ ತಟ್ಟಿ. ಕಾಳು ಒಡೆದರೆ ಸಾಕು. ಜರಡಿಯಲ್ಲಿ ತಾನಾಗಿ ಇಳಿಯಲು ಬಿಡಿ, ಚಮಚದಿಂದ ತಿಕ್ಕಬೇಡಿ.

ಪ್ರಶ್ನೆ: ಕ್ಯಾರೆಟ್ ಹಿಪ್ಪೆ ಎಸೆಯಲು ಮನಸ್ಸು ಬರುವುದಿಲ್ಲ.
*ನಿಟುವಳ್ಳಿ, ದಾವಣಗೆರೆ*

ಉತ್ತರ: ಎಸೆಯಬೇಡಿ. ಒಂದು ಬಟ್ಟಲು ಹಿಪ್ಪೆಗೆ ಎರಡು ಬಟ್ಟಲು ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ ಹಾಕಿ ರೊಟ್ಟಿ ತಟ್ಟಿ. ಹಿಪ್ಪೆ ನೀರು ಕುಡಿಯುತ್ತದೆ, ಹಿಟ್ಟು ಎಂದಿಗಿಂತ ಸಡಿಲ ಕಲಸಿ. ಅದೇ ದಿನ ಬಳಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಹೊರಗಿಟ್ಟ ಹಿಪ್ಪೆ ಮಧ್ಯಾಹ್ನಕ್ಕೇ ಹುಳಿ ಬರುತ್ತದೆ.

ಪ್ರಶ್ನೆ: ಮಿಕ್ಸಿ ಜಾರಿನ ತಳದಿಂದ ಕಪ್ಪು ನೀರು ಸೋರುತ್ತದೆ. ಅದರಲ್ಲಿ ರಸ ಮಾಡಬಹುದೇ?
*ಹೊಸದುರ್ಗ*

ಉತ್ತರ: ಬೇಡ. ಬ್ಲೇಡಿನ ಕಡ್ಡಿ ಕೂರುವ ಬುಶ್ ಮತ್ತು ವಾಷರ್ ಸವೆದಿವೆ. ಕೆಳಗೆ ನೀರು ಇಳಿಯುವ ದಾರಿಯಲ್ಲೇ ಆ ಕಪ್ಪು ಜಿಡ್ಡು ಮೇಲಕ್ಕೂ ಬರುತ್ತದೆ. ಜಾರು ತಲೆಕೆಳಗು ಮಾಡಿ ಅಡಿಯ ಕಪ್ಲರನ್ನು ಬೆರಳಲ್ಲಿ ಆಚೀಚೆ ಅಲ್ಲಾಡಿಸಿ. ಕಡ್ಡಿಯೂ ಜೊತೆಗೆ ಓಲಾಡಿದರೆ ಬುಶ್ ಹೋಗಿದೆ. ರಿಪೇರಿ ಅಂಗಡಿಗೆ ಜಾರನ್ನೇ ಒಯ್ಯಿರಿ. ಬುಶ್ಶಿನ, ಕಪ್ಲರಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಹಾಕಿಸಿದ ಮೇಲೆ ಅಲ್ಲೇ ಅರ್ಧ ಜಾರು ನೀರು ತುಂಬಿಸಿ, ಒಂದು ನಿಮಿಷ ಓಡಿಸಿ, ಕೆಳಗೆ ಬಿಳಿ ಕಾಗದ ಹಿಡಿದು ನೋಡಿ. ಮುಂದೆ ರಾತ್ರಿಯಿಡೀ ಜಾರನ್ನು ನೀರಲ್ಲಿ ನೆನೆಹಾಕಬೇಡಿ. ತೊಳೆದು ಬೋರಲು ಹಾಕಿ ಒಣಗಿಸಿ.